ಲೇಸರ್ ಟೋ ಗೇಜ್: ಸಣ್ಣ ಗ್ಯಾರೇಜಿಗೆ ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ

ಟೈರ್ ಅಂಗಡಿಗಳ ಬೋರ್ಡಿನಲ್ಲಿ ‘ಲೇಸರ್ ಅಲೈನ್‌ಮೆಂಟ್’ ಎಂದು ಬರೆದಿದ್ದರೂ ಒಳಗೆ ಇರುವುದು ಹೆಚ್ಚಾಗಿ ಕ್ಯಾಮೆರಾದ 3ಡಿ ಯಂತ್ರ, ಇಲ್ಲವೇ ಸಿಸಿಡಿ (ಬೆಳಕು ಗುರುತಿಸುವ ಚಿಪ್) ಸೆನ್ಸರಿನ ಕಂಪ್ಯೂಟರ್ ಯಂತ್ರ. ಅವಕ್ಕೆ ಲಕ್ಷಗಟ್ಟಲೆ ರೂಪಾಯಿ ಬೇಕು, ಲಿಫ್ಟ್ ಅಥವಾ ಪಿಟ್ ಬೇಕು, ಜಾಗವೂ ಬೇಕು. ಇಲ್ಲಿ ನೋಡುತ್ತಿರುವುದು ಬೇರೆಯದೇ ಸಾಮಾನು: ನಿಜವಾಗಿ ಲೇಸರ್ ಕಿರಣವನ್ನೇ ಅಳತೆಗೆ ಬಳಸುವ, ಒಂದು ಪೆಟ್ಟಿಗೆಯಲ್ಲಿ ಹಿಡಿಸುವ ಟೋ ಗೇಜ್. ಟೋ ಎಂದರೆ ಮೇಲಿನಿಂದ ನೋಡಿದಾಗ ಎಡ ಬಲ ಚಕ್ರಗಳು ನೇರಕ್ಕಿಂತ ಎಷ್ಟು ಓರೆ ತಿರುಗಿವೆ ಎನ್ನುವ ಕೋನ; ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕೆ ತಿರುಗಿದ್ದರೆ ಟೋ ಔಟ್. ಟೈ ರಾಡ್ ಎಂಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ), ಲೋವರ್ ಆರ್ಮ್, ಸ್ಟ್ರಟ್ ಮುಂತಾದ ಸಸ್ಪೆನ್ಷನ್ ಭಾಗ ಬದಲಿಸುವ ಗ್ಯಾರೇಜಿಗೆ ಇದು ಕೊಂಡ ದುಡ್ಡಿಗೆ ಮೋಸವಿಲ್ಲ. ಆದರೆ ಇದು ಅಳೆಯುವುದು ಟೋ ಒಂದನ್ನೇ. ಆ ಅಳತೆಯ ನಿಖರತೆಯೂ ಲೇಸರಿನಲ್ಲಿಲ್ಲ, ಕ್ಲ್ಯಾಂಪಿನಲ್ಲಿ ಮತ್ತು ಅಳೆಯುವವನ ತಾಳ್ಮೆಯಲ್ಲಿದೆ.

ಟೋ ಸ್ವಲ್ಪ ತಪ್ಪಿದರೆ ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ. ಒಟ್ಟು ಟೋ 0.3 ಡಿಗ್ರಿ ತಪ್ಪಿದೆ ಎಂದರೆ ಒಂದೊಂದು ಚಕ್ರದ ಪಾಲಿಗೆ 0.15 ಡಿಗ್ರಿ. ಆ ಟೈರು ಪ್ರತಿ ಕಿಲೋಮೀಟರಿಗೆ ಸುಮಾರು 2.6 ಮೀಟರ್ ಪಕ್ಕಕ್ಕೆ ಉಜ್ಜಿಕೊಂಡು ಹೋಗುತ್ತದೆ. ಟೋ ಇನ್ ಹೆಚ್ಚಾದರೆ ಹೊರ ಅಂಚು ಸವೆಯುತ್ತದೆ, ಟೋ ಔಟ್ ಹೆಚ್ಚಾದರೆ ಒಳ ಅಂಚು. ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ: ಟ್ರೆಡ್ ಮೇಲೆ ಅಂಗೈಯನ್ನು ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಸವರಿದಾಗ ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಾಗೆ ತಡೆ ಸಿಕ್ಕರೆ ಟೋ ಕೆಟ್ಟಿದೆ.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಜಾತಿ. ಮೊದಲನೆಯದು ಕನ್ನಡಿ ಗೇಜ್. ಬ್ರಿಟನ್ನಿನ ಟ್ರ್ಯಾಕ್‌ಏಸ್ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಚಕ್ರಕ್ಕೆ ಲೇಸರ್ ಇರುವ ಹೆಡ್ಡನ್ನೂ ಎದುರಿನ ಚಕ್ರಕ್ಕೆ ಕನ್ನಡಿ ಇರುವ ಹೆಡ್ಡನ್ನೂ ಒರಗಿಸಬೇಕು. ಗಾಡಿಯ ಅಡಿಯಲ್ಲಿ ಹಾದುಹೋದ ಕಿರಣ ಕನ್ನಡಿಗೆ ಬಡಿದು ವಾಪಸ್ ಬಂದು ಮೊದಲ ಹೆಡ್ಡಿನ ಸ್ಕೇಲ್ ಮೇಲೆ ಬೀಳುತ್ತದೆ. ಇದರ ಜಾಣತನ ಇರುವುದು ಪ್ರತಿಫಲನದಲ್ಲಿ. ಕನ್ನಡಿ ಎಷ್ಟು ಓರೆಯಾಗಿದೆಯೋ ಕಿರಣ ಅದರ ಎರಡು ಪಟ್ಟು ಓರೆಯಾಗಿ ಮರಳುತ್ತದೆ. ಹೆಡ್‌ಗಳ ನಡುವೆ 1.6 ಮೀಟರ್ ಇದ್ದರೆ 0.1 ಡಿಗ್ರಿಯ ಒಟ್ಟು ಟೋ ಸ್ಕೇಲ್ ಮೇಲೆ ಸುಮಾರು 5.6 ಮಿ.ಮೀ. ಸರಿದು ಕಾಣುತ್ತದೆ. ಬರಿಗಣ್ಣಿಗೆ ಅಷ್ಟು ಧಾರಾಳ ಸಾಕು.

ಇದರ ಸ್ಕೇಲನ್ನು ಒಂದು ನಿಗದಿತ ದೂರಕ್ಕೆ ಲೆಕ್ಕ ಹಾಕಿ ಅಚ್ಚು ಹಾಕಿರುತ್ತಾರೆ. 1.6 ಮೀಟರಿಗೆಂದು ಅಚ್ಚಾದದ್ದನ್ನು 1.8 ಮೀಟರ್ ಅಗಲದ ಗಾಡಿಗೆ ಬಳಸಿದರೆ ಓದು ಶೇ. 12.5ರಷ್ಟು ಹೆಚ್ಚು ಬರುತ್ತದೆ. ಹೆದರಬೇಕಾದ್ದೇನಿಲ್ಲ, ಸೊನ್ನೆ ಎಷ್ಟು ದೂರಕ್ಕೂ ಸೊನ್ನೆಯೇ. ಸೊನ್ನೆಯ ಹತ್ತಿರ ಇಡಬೇಕಾದ ಮುಂಚಕ್ರ ಚಾಲನೆಯ ಕಾರುಗಳಿಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಕ್ಲ್ಯಾಂಪ್ ಗೇಜ್. ರಿಮ್ಮಿಗೆ ಕ್ಲ್ಯಾಂಪ್ ಕಚ್ಚಿಸಿ ಅದರ ಮೇಲೆ ಲೇಸರ್ ಕೂರಿಸುತ್ತಾರೆ. ಗಾಡಿಯ ಮುಂದೊಂದು ಹಿಂದೊಂದು ಸ್ಕೇಲ್ ಪಟ್ಟಿ ಅಡ್ಡ ಇಡುತ್ತಾರೆ. ಎಡ ಬಲ ಕಿರಣಗಳು ಎರಡೂ ಪಟ್ಟಿಗಳ ಮೇಲೆ ಬೀಳುವ ಜಾಗ ಗುರುತಿಸಿ, ಚುಕ್ಕಿಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಬೇಕು. ಪಟ್ಟಿಗಳ ನಡುವೆ 3 ಮೀಟರ್, ಮುಂದಿನ ಅಂತರ ಹಿಂದಿನದಕ್ಕಿಂತ 10 ಮಿ.ಮೀ. ಕಡಿಮೆ ಅಂದರೆ ಟೋ ಇನ್ 0.19 ಡಿಗ್ರಿ. ಕೆಲಸ ನಿಧಾನ. ಆದರೆ ಇಲ್ಲಿ ಕನ್ನಡಿಯ ಮಾಯೆ ಯಾವುದೂ ಇಲ್ಲ, ಟೇಪ್ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು. ಹಿಂದಿನ ಚಕ್ರಕ್ಕೂ ಇದೇ ಕ್ಲ್ಯಾಂಪ್ ಹಾಕಬಹುದು ಎನ್ನುವುದು ದೊಡ್ಡ ಲಾಭ.

ಕ್ಲ್ಯಾಂಪ್ ಮೇಲೆ ಕನ್ನಡಿ ಕೂರಿಸುವ ಮಿಶ್ರ ಜಾತಿಯೂ ಉಂಟು. ಅದರಲ್ಲಿ ಒಂದು ತೊಡಕು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಓರೆ) ಇರುವ ಚಕ್ರಕ್ಕೆ ಕಚ್ಚಿದ ಕನ್ನಡಿ ಮೇಲೆ ಕೆಳಗೂ ವಾಲುತ್ತದೆ. ಎರಡೂ ಕಡೆ ಅರ್ಧ ಅರ್ಧ ಡಿಗ್ರಿ ನೆಗೆಟಿವ್ (ಮೇಲ್ತುದಿ ಒಳಕ್ಕೆ ವಾಲಿದ) ಕ್ಯಾಂಬರ್ ಇದ್ದರೂ ಸಾಕು, ಮರಳುವ ಚುಕ್ಕಿ 5 ಸೆಂ.ಮೀ.ಗೂ ಹೆಚ್ಚು ಮೇಲಕ್ಕೋ ಕೆಳಕ್ಕೋ ಹೋಗಿ ಸ್ಕೇಲನ್ನೇ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಚುಕ್ಕಿ ಬಿಡುವ ಲೇಸರ್ ಬೇಡ, ನೇರ ಲಂಬ ಗೆರೆ ಬಿಡುವುದನ್ನೇ ಆರಿಸಿ. ನೆಲದ ಮೇಲೆ ನಿಂತು ಟೈರಿಗೆ ಬರೀ ತಾಗುವ ಗೇಜಿಗೆ ಈ ತಾಪತ್ರಯವಿಲ್ಲ.

ಆದರೆ ಟೈರಿಗೆ ತಾಗುವುದೇ ಅದರ ದೌರ್ಬಲ್ಯ. ಟೈರಿನ ಪಕ್ಕದಲ್ಲಿ ಕಂಪನಿ ಹೆಸರು, ಸೈಜು ಉಬ್ಬಕ್ಷರದಲ್ಲಿ ಇರುತ್ತದೆ. ಒಂದು ತುದಿ ಅಕ್ಷರದ ಮೇಲೆ ಕೂತು ಇನ್ನೊಂದು ತುದಿ ನುಣುಪಿನ ಮೇಲೆ ಕೂತರೆ, ಅರ್ಧ ಮಿ.ಮೀ. ವ್ಯತ್ಯಾಸಕ್ಕೆ 560 ಮಿ.ಮೀ. ಉದ್ದದಲ್ಲಿ 0.05 ಡಿಗ್ರಿ ತಪ್ಪು. ಎರಡು ಕಡೆಯೂ ಹೀಗಾದರೆ 0.1. ಗೇಜ್ ತಾಗುವ ಎರಡೂ ಜಾಗ ಹಬ್‌ನ ನಡುಮಟ್ಟದಲ್ಲಿರಬೇಕು, ಅಕ್ಷರ ಇಲ್ಲದ ಕಡೆ ಇರಬೇಕು. ನೆಲಕ್ಕೆ ಹತ್ತಿರ ತಾಗಿಸಿದರೆ ಭಾರಕ್ಕೆ ಉಬ್ಬಿದ ಟೈರಿನ ಹೊಟ್ಟೆಯನ್ನು ಅಳೆದಂತಾಗುತ್ತದೆ. ಕೆಸರು ಒರೆಸುವುದನ್ನಂತೂ ಹೇಳಬೇಕಾಗಿಲ್ಲ.

ಕ್ಲ್ಯಾಂಪಿನ ಕತೆ ರಿಮ್ಮಿನದು. ಸ್ಟೀಲ್ ರಿಮ್ಮಿನ ಅಂಚು ಫುಟ್‌ಪಾತಿಗೆ ಬಡಿದು ಬಗ್ಗಿರುವುದು ಮಾಮೂಲು, ಕೆಲವು ಅಲಾಯ್ ರಿಮ್ಮುಗಳಲ್ಲಿ ಉಗುರು ಕಚ್ಚುವುದಕ್ಕೆ ಅಂಚೇ ಇರುವುದಿಲ್ಲ. ಲೋಹದ ಉಗುರಿನ ಕ್ಲ್ಯಾಂಪ್ ಅಲಾಯ್ ಮೇಲೆ ಗೀರು ಬಿಟ್ಟರೆ ಅಲೈನ್‌ಮೆಂಟಿಗೆ ಬಂದ ಗಿರಾಕಿ ಪೇಂಟಿನ ದುಡ್ಡು ಕೇಳುತ್ತಾನೆ. ಪ್ಲಾಸ್ಟಿಕ್ ಅಥವಾ ನೈಲಾನ್ ತುದಿ ಇದೆಯೇ ನೋಡಿ. ರಿಮ್ ಓಲಾಟ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡ್ಡಾಯ: ಒಮ್ಮೆ ಓದಿ, ಚಕ್ರವನ್ನು ಸರಿಯಾಗಿ ಅರ್ಧ ಸುತ್ತು ತಿರುಗಿಸಿ ಮತ್ತೆ ಓದಿ, ಎರಡರ ಸರಾಸರಿ ಹಿಡಿಯಿರಿ. ಇದನ್ನು ಬಿಟ್ಟರೆ ಲೇಸರ್ ಎಷ್ಟೇ ದುಬಾರಿಯದಾದರೂ ಅಳೆದದ್ದು ರಿಮ್ಮಿನ ಸೊಟ್ಟವನ್ನು.

ಕೊಂಡ ದಿನವೇ ಗೇಜನ್ನು ಪರೀಕ್ಷೆ ಮಾಡಬೇಕು. ಟೈರಿಗೆ ಒರಗಿಸುವ ಗೇಜ್ ಆದರೆ ಓದು ಬರೆದುಕೊಂಡು ಎಡದ ಹೆಡ್ ಬಲಕ್ಕೆ, ಬಲದ್ದು ಎಡಕ್ಕೆ ಇಡಿ. ಸ್ಕೇಲಿನಲ್ಲಿ ಇನ್ ಮತ್ತು ಔಟ್ ದಿಕ್ಕು ಅದಲುಬದಲಾಗುತ್ತದೆ ಎನ್ನುವುದು ಗಮನದಲ್ಲಿರಲಿ. ಎರಡು ಓದುಗಳು ಒಂದೇ ಬಂದರೆ ಗೇಜ್ ನೆಟ್ಟಗಿದೆ. ಬೇರೆ ಬಂದರೆ ವ್ಯತ್ಯಾಸದ ಅರ್ಧ ಗೇಜಿನ ತಪ್ಪು. ನಿಜವಾದ ಟೋ ಎರಡರ ನಡುವೆ ಇದೆ. ಅಗ್ಗದ ಸೆಟ್ಟುಗಳಲ್ಲಿ ಲೇಸರ್ ಡಯೋಡನ್ನು ಬಿಸಿ ಅಂಟು ಹಾಕಿ ಕೂರಿಸಿರುತ್ತಾರೆ, ಬಿಸಿಲಿಗೆ ಇಟ್ಟ ಡಿಕ್ಕಿಯಲ್ಲಿ ಅಂಟು ಮೆತ್ತಗಾಗಿ ಕಿರಣ ಸರಿಯುತ್ತದೆ. ಸ್ಕ್ರೂ ಹಾಕಿ ಸರಿಪಡಿಸಿಕೊಳ್ಳಬಹುದಾದ ಹೋಲ್ಡರ್ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಲುಕ್ಸಾನಿಲ್ಲ.

ಇನ್ನು ಅಳೆಯುವ ಕ್ರಮ. ಗೇಜ್ ತೆಗೆಯುವ ಮುಂಚೆ ಜ್ಯಾಕ್ ಹಾಕಿ ಚಕ್ರವನ್ನು 3 ಗಂಟೆ–9 ಗಂಟೆ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಟಕ್ ಟಕ್ ಅಂದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗಿನ ಹಲ್ಲಿನ ಅಡ್ಡ ಸರಳಿನ ತುದಿ, ಅಂದರೆ ರ್‍ಯಾಕ್ ಎಂಡ್ ಹೋಗಿದೆ. 12–6ರಲ್ಲಿ ಅಲುಗಿದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಲೋವರ್ ಆರ್ಮ್‌ನ ಹಿಂದಿನ ರಬ್ಬರ್ ಬುಷ್ ಹರಿದಿದ್ದರೆ ನಿಂತಾಗ ಒಂದು ಟೋ, ಬ್ರೇಕ್ ಒತ್ತಿದಾಗ ಇನ್ನೊಂದು. ಇವನ್ನು ಸರಿಮಾಡದೆ ಅಲೈನ್‌ಮೆಂಟ್ ಮಾಡುವುದು ದಂಡ. ಟೈರ್ ಗಾಳಿ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಷ್ಟು, ಎರಡೂ ಕಡೆ ಸಮ.

ಜ್ಯಾಕ್ ಇಳಿಸಿದ ಕೂಡಲೇ ಅಳೆಯಬೇಡಿ. ಗಾಡಿ ಎತ್ತಿದಾಗ ಚಕ್ರಗಳು ಒಳಕ್ಕೆ ಎಳೆದುಕೊಂಡಿರುತ್ತವೆ, ಇಳಿಸಿದಾಗ ಟೈರು ನೆಲಕ್ಕೆ ಕಚ್ಚಿ ಹಾಗೇ ನಿಲ್ಲುತ್ತದೆ. ಬಾನೆಟ್ ಮೇಲೆ ಕೈಯೂರಿ ಮೂರು ನಾಲ್ಕು ಸಲ ಕುಣಿಸಿ, ಕೈಯಿಂದ ತಳ್ಳಿ ಗಾಡಿಯನ್ನು ಎರಡು ಮೂರು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಸ್ವಲ್ಪ ಮುಂದೆ ಹೋಯಿತೆಂದು ಹಿಂದಕ್ಕೆ ಎಳೆಯಬಾರದು. ಬುಷ್‌ಗಳು ಎದುರು ದಿಕ್ಕಿಗೆ ಒತ್ತಿಕೊಂಡು ಓದು ಬದಲಾಗುತ್ತದೆ. ಚಕ್ರ ಸಲೀಸಾಗಿ ತಿರುಗಲು ಅಡಿಗೆ ಇಡುವ ಟರ್ನ್ ಪ್ಲೇಟ್ ಇಲ್ಲದವರು ಪ್ರತಿ ಮುಂಚಕ್ರದ ಅಡಿಗೆ ಎರಡು ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ನಡುವೆ ಗ್ರೀಸ್ ಸವರಿದರೆ ಕೆಲಸ ನಡೆಯುತ್ತದೆ.

ಸ್ಟೀರಿಂಗ್ ನೇರ ಮಾಡಿ ಕಟ್ಟಿ ಹಾಕಿ. ಟೋ ಬದಲಾಗುವುದು ಟೈ ರಾಡಿನ ಉದ್ದ ಬದಲಿಸಿದಾಗ. ಟೈ ರಾಡ್‌ನ ಚೆಕ್ ನಟ್ ಸಡಿಲಿಸಿ, ರ್‍ಯಾಕ್ ಬೂಟಿನ ಕ್ಲಿಪ್ಪನ್ನೂ ಬಿಚ್ಚಿ. ಹಾಗೇ ತಿರುಗಿಸಿದರೆ ರಬ್ಬರ್ ಬೂಟು ತಿರುಚಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಥ್ರೆಡ್ ಪಿಚ್ 1.5 ಮಿ.ಮೀ., ಸ್ಟೀರಿಂಗ್ ಆರ್ಮ್ (ಟೈ ರಾಡ್ ಚಕ್ರವನ್ನು ತಿರುಗಿಸುವ ತೋಳು) ಸುಮಾರು 130 ಮಿ.ಮೀ. ಇರುವ ಕಾರಿನಲ್ಲಿ ಷಟ್ಕೋನ ನಟ್‌ನ ಒಂದು ಮುಖದಷ್ಟು ತಿರುಗಿಸಿದರೆ ಆ ಚಕ್ರದಲ್ಲಿ ಹತ್ತಿರ ಹತ್ತಿರ 0.1 ಡಿಗ್ರಿ ಬದಲಾಗುತ್ತದೆ. ಆದ್ದರಿಂದ ಒಂದು ಪೂರ್ತಿ ಸುತ್ತು ಹಾಕಿ ನೋಡೋಣ ಎನ್ನುವ ಅಂದಾಜು ಇಲ್ಲಿ ನಡೆಯದು. ರ್‍ಯಾಕ್ ಆಕ್ಸಲ್‌ಗಿಂತ ಹಿಂದಿದ್ದರೆ ಟೈ ರಾಡ್ ಉದ್ದ ಮಾಡಿದಷ್ಟೂ ಟೋ ಇನ್ ಹೆಚ್ಚು, ಮುಂದಿದ್ದರೆ ಇದಕ್ಕೆ ತದ್ವಿರುದ್ಧ. ಎರಡೂ ಕಡೆ ಸಮವಾಗಿ ತಿರುಗಿಸಿ. ಕೊನೆಗೆ ಚೆಕ್ ನಟ್ ಬಿಗಿ ಮಾಡುವಾಗ ಟೈ ರಾಡನ್ನು ಇನ್ನೊಂದು ಸ್ಪ್ಯಾನರಿನಲ್ಲಿ ಹಿಡಿದಿಟ್ಟುಕೊಳ್ಳಿ, ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಟೋ ಸರಿ ಬಂದು ಸ್ಟೀರಿಂಗ್ ಮಾತ್ರ ಓರೆಯಾದರೆ ಒಂದು ಕಡೆ ಎಷ್ಟು ಉದ್ದ ಮಾಡುತ್ತೀರೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಬೇಕು, ಒಟ್ಟು ಟೋ ಕೆಡುವುದಿಲ್ಲ.

ಮಿ.ಮೀ. ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. 2 ಮಿ.ಮೀ. ಟೋವನ್ನು ರಿಮ್ ಅಂಚಿನಲ್ಲಿ, ಅಂದರೆ ಸುಮಾರು 380 ಮಿ.ಮೀ. ವ್ಯಾಸದಲ್ಲಿ ಅಳೆದರೆ ಅದು 0.3 ಡಿಗ್ರಿ. ಅದೇ 2 ಮಿ.ಮೀ.ಯನ್ನು 580 ಮಿ.ಮೀ. ವ್ಯಾಸದ ಟೈರಿನ ಹೊರಮೈಯಲ್ಲಿ ಅಳೆದರೆ 0.2. ಸರ್ವಿಸ್ ಮ್ಯಾನ್ಯುಯಲ್ ಮಿ.ಮೀ. ಕೊಟ್ಟಿದ್ದರೆ ಎಲ್ಲಿ ಅಳೆದದ್ದು ಎಂದು ನೋಡಿ ಡಿಗ್ರಿಗೆ ತಿರುಗಿಸಿಕೊಳ್ಳಿ. ಡಿಗ್ರಿ ಮತ್ತು ಮಿನಿಟ್ ಎರಡೂ ಗುರುತಿರುವ ಸ್ಕೇಲ್ ಉತ್ತಮ, 0.1 ಡಿಗ್ರಿ ಅಂದರೆ 6 ಮಿನಿಟ್. ಬರೀ ಮಿ.ಮೀ. ಗುರುತು ಹಾಕಿ, ಯಾವ ವ್ಯಾಸಕ್ಕೆ ಎಂದು ಹೇಳದ ಗೇಜ್ ಕೊಳ್ಳಬೇಡಿ.

ಕೆಂಪು ಲೇಸರ್ ಅಂಗಳದ ಬಿಸಿಲಲ್ಲಿ ಕಾಣುವುದಿಲ್ಲ. ಹಸಿರು ಕಿರಣ ಅಷ್ಟೇ ಶಕ್ತಿಗೆ ಕಣ್ಣಿಗೆ ಹೆಚ್ಚು ಎದ್ದು ಕಾಣುತ್ತದೆ, ಬ್ಯಾಟರಿಯನ್ನೂ ಹೆಚ್ಚು ತಿನ್ನುತ್ತದೆ. ಶೆಡ್ ಇಲ್ಲದವರು ಸಂಜೆ ಕೆಲಸ ಇಟ್ಟುಕೊಳ್ಳುವುದೇ ವಾಸಿ. ಮುಖ್ಯವಾದ ಮಾತು: 1 ಮಿಲಿವ್ಯಾಟ್ ಮೀರದ ಕ್ಲಾಸ್ 2 ಗುರುತಿನ ಲೇಸರನ್ನೇ ತೆಗೆದುಕೊಳ್ಳಿ. ಟೈ ರಾಡ್ ತಿರುಗಿಸಲು ಅಡಿಯಲ್ಲಿ ಮಲಗಿದ ಹುಡುಗನ ಕಣ್ಣು ಸರಿಯಾಗಿ ಕಿರಣದ ಎತ್ತರದಲ್ಲೇ ಇರುತ್ತದೆ, ಕನ್ನಡಿ ಬೇರೆ ಎದುರಿಗೆ. ಅಳೆಯುವಾಗ ಆನ್, ತಿರುಗಿಸುವಾಗ ಆಫ್. ಅದೇ ಅಡಿಭಾಗದಲ್ಲಿ ದಪ್ಪ ಇಂಜಿನ್ ಗಾರ್ಡ್ ಹಾಕಿಸಿದ ಗಾಡಿಗಳಲ್ಲಿ ಕಿರಣಕ್ಕೆ ದಾರಿಯೇ ಸಿಗದಿರಬಹುದು. ಕೊಳ್ಳುವ ಮುಂಚೆ ಕಿರಣ ನೆಲದಿಂದ ಎಷ್ಟು ಎತ್ತರದಲ್ಲಿ ಹೋಗುತ್ತದೆ ಎಂದು ಕೇಳಿ.

ಇದು ಹೇಳದ ವಿಷಯಗಳು ಕಡಿಮೆಯೇನಲ್ಲ. ಕ್ಯಾಂಬರ್, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) ಗೊತ್ತಾಗುವುದಿಲ್ಲ. ಗಾಡಿ ಒಂದು ಕಡೆ ಎಳೆಯುತ್ತದೆ ಎಂಬ ದೂರಿಗೆ ಟೋ ಗೇಜಿನಲ್ಲಿ ಬಹುಪಾಲು ಉತ್ತರವಿಲ್ಲ. ಟೈರ್ ಅದಲುಬದಲು ಮಾಡಿ ನೋಡಿ, ಬ್ರೇಕ್ ಹಿಡಿದುಕೊಂಡಿದೆಯೇ ನೋಡಿ. ಗುಂಡಿಗೆ ಬಿದ್ದು ಹಿಂದಿನ ಆಕ್ಸಲ್ ಬೀಮ್ ಬಗ್ಗಿದ್ದರೆ ಮುಂದಿನ ಒಟ್ಟು ಟೋ ಸೊನ್ನೆ ತೋರಿಸುತ್ತಲೇ ಗಾಡಿ ಏಡಿಯ ಹಾಗೆ ಓರೆ ಓಡುತ್ತದೆ. ಕನ್ನಡಿ ಗೇಜ್ ಇದನ್ನು ಕಾಣಲಾರದು. ಸ್ಟ್ಯಾಂಡಿಗೆ ನೈಲಾನ್ ದಾರ ಕಟ್ಟಿ ಎರಡು ಪಕ್ಕದಲ್ಲೂ ಸಮಾನಾಂತರ ಎಳೆದು ಸ್ಕೇಲಿನಲ್ಲಿ ಅಳೆಯುವ ಹಳೆಯ ಮೇಸ್ತ್ರಿಗಳ ಪದ್ಧತಿ ಮಾತ್ರ ಕಾಣುತ್ತದೆ, ಏಕೆಂದರೆ ಅದು ಒಂದೊಂದು ಚಕ್ರವನ್ನೂ ಬೇರೆ ಬೇರೆಯಾಗಿ ಓದುತ್ತದೆ. ಅದಕ್ಕೆ ಮುಕ್ಕಾಲು ಗಂಟೆ ಬೇಕು, ಲೇಸರಿಗೆ ಹತ್ತು ನಿಮಿಷ. ಎರಡನ್ನೂ ಇಟ್ಟುಕೊಂಡವರು ಜಾಣರು.

ಲೇಸರ್ ನಿಜವಾಗಿ ಮೆರೆಯುವುದು ಲಾರಿ, ಬಸ್ಸು, ಟ್ರೈಲರುಗಳಲ್ಲಿ. ಸ್ವೀಡನ್ನಿನ ಯೋಸಾಮ್, ಜರ್ಮನಿಯ ಹವೆಕಾ ಕಂಪನಿಗಳ ಲೇಸರ್ ಸೆಟ್ಟುಗಳು ಈ ಕೆಲಸಕ್ಕೆಂದೇ ಇವೆ. 6 ಮೀಟರ್ ದೂರದ ಸ್ಕೇಲ್ ಮೇಲೆ 0.1 ಡಿಗ್ರಿ 10 ಮಿ.ಮೀ.ಗೂ ಹೆಚ್ಚು ಕಾಣುತ್ತದೆ, ಹಿಂದಿನ ಎರಡು ಆಕ್ಸಲ್ ಪರಸ್ಪರ ಸಮಾನಾಂತರ ಇವೆಯೇ ಎಂಬುದೂ ಹೊರಬೀಳುತ್ತದೆ. ಲಾರಿಯ ಮುಂದಿನ ಬೀಮ್ ಆಕ್ಸಲಿಗೆ ಟೈ ರಾಡ್ ಒಂದೇ, ಟೋ ಸರಿಪಡಿಸುವುದು ಅಲ್ಲಿ. ಸ್ಟೀರಿಂಗ್ ನೇರ ಮಾಡುವುದು ಡ್ರ್ಯಾಗ್ ಲಿಂಕಿನಲ್ಲಿ, ಅಂದರೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಬರುವ ಸರಳಿನಲ್ಲಿ. ಇವೆರಡನ್ನು ಬೆರೆಸಬಾರದು.

ಕಾರುಗಳ ವಿಷಯಕ್ಕೆ ಬಂದರೆ, ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಅಥವಾ ಲೇನ್ ಅಸಿಸ್ಟ್ (ರಸ್ತೆಯ ಗೆರೆಯೊಳಗೆ ಇರಲು ನೆರವಾಗುವ ವ್ಯವಸ್ಥೆ) ಇರುವ ಹೊಸ ಮಾಡೆಲ್‌ಗಳಲ್ಲಿ ಟೋ ಮುಟ್ಟಿದ ಮೇಲೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್ ಹಾಕಿ ಸೊನ್ನೆಗೆ ತರಬೇಕಾಗಬಹುದು. ಲೇಸರ್ ಗೇಜ್ ಮಾತ್ರ ಇರುವ ಗ್ಯಾರೇಜು ಅಂಥ ಗಾಡಿಯನ್ನು ಟೈ ರಾಡ್ ಬದಲಿಸಿ, ಟೈರು ತಿನ್ನದಷ್ಟು ಟೋ ಇಟ್ಟು, ಕಂಪ್ಯೂಟರ್ ಯಂತ್ರವೂ ಸ್ಕ್ಯಾನರೂ ಇರುವ ಕಡೆಗೆ ಕಳಿಸಿಕೊಡುವುದೇ ಸರಿ.