ಜತ್ತದ ಸಂತೆಯಲ್ಲಿ ಲಾಳ ಕಟ್ಟುವವರು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಗೆ ಸೇರಿದ ಜತ್ತ ತಾಲ್ಲೂಕಿನ ನಮ್ಮ ಹಳ್ಳಿಗಳಲ್ಲಿ ಕುದುರೆ ಹೂಡಿ ಉಳುವವರಿಲ್ಲ. ಆ ಕೆಲಸ ಖಿಲಾರಿ ಎತ್ತುಗಳದು, ಈಗೀಗ ಟ್ರ್ಯಾಕ್ಟರಿನದು. ಆದರೆ ತುಂಡು ಹೊಲದ ಜೊತೆಗೆ ಕುರಿ ಸಾಕಿಕೊಂಡಿರುವ ಮನೆಗಳಲ್ಲಿ ತಟ್ಟು ಎಂಬ ಗಿಡ್ಡ ಜಾತಿಯ ಕುದುರೆ ಇನ್ನೂ ಉಳಿದಿದ್ದು, ಮಂದೆ ಊರು ಬಿಟ್ಟು ಹೊರಟಾಗ ಜೋಳದ ಹಿಟ್ಟು, ಪಾತ್ರೆ, ಕಂಬಳಿ, ನಡೆಯಲಾರದ ಎಳೆ ಮರಿಗಳೆಲ್ಲ ಅದರ ಬೆನ್ನೇರುತ್ತವೆ. ಗೊರಸು ಕೆಟ್ಟ ತಟ್ಟು ಮನೆಗೆ ಬರೀ ಮೇವಿನ ಖರ್ಚು. ಆದ್ದರಿಂದ ಸಂತೆಯ ದಿನ ದನದ ಬಯಲಿನ ಅಂಚಿನಲ್ಲಿ ಬೇವಿನ ಮರದಡಿ ಕೂರುವ ತಂದೆ–ಮಗನ ಕೆಲಸದ ಬಗ್ಗೆ ಬರೆಯುವುದು ಅಗತ್ಯವೆನಿಸಿತು.

ತಂದೆಯ ಕೈ ನಿಜಕ್ಕೂ ಪಳಗಿದ್ದು. ಎತ್ತನ್ನು ಹಗ್ಗ ಹಾಕಿ ಕೆಡವಿ ಸೀಳು ಗೊರಸಿಗೆ ಎರಡು ತುಂಡು ಲಾಳ ಬಡಿಯುವ ಇವರು, ಕುದುರೆಯನ್ನು ನಿಲ್ಲಿಸಿಯೇ ಕೆಲಸ ಮಾಡುತ್ತಾರೆ. ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡಿ, ಕಾಲನ್ನು ತೊಡೆಯ ನಡುವೆ ಹಿಡಿದು, ಮಣ್ಣು ಕೆದರಿ, ಬೆಳೆದ ಗೊರಸನ್ನು ಕೊರೆದು ಅರದಿಂದ ಸಮ ಮಾಡುತ್ತಾರೆ. ಮೊಳೆ ಗೊರಸಿನ ಗಟ್ಟಿ ಅಂಚಿನಲ್ಲಿಯೇ ಹೋಗಬೇಕು; ಒಳಗಿನ ಮೆತ್ತಗಿನ ಭಾಗಕ್ಕೆ ತಾಗಿದರೆ ಕುಂಟು ಖಚಿತ. ಹೊಡೆತದ ಸದ್ದು ಮಂದವಾಯಿತೆಂದರೆ ಅವರು ಅಲ್ಲಿಯೇ ನಿಲ್ಲಿಸಿ ಮೊಳೆ ಕಿತ್ತು ಬೇರೆ ಜಾಗ ಹುಡುಕುವುದನ್ನು ನಾನು ಕಂಡಿದ್ದೇನೆ.

ಮಗನ ಬಗ್ಗೆ ಈ ಮಾತು ಹೇಳಲಾರೆ. ಅಳತೆಯ ಲಾಳ ಸಿಗದಿದ್ದಾಗ ಆತ ಲಾಳವನ್ನು ಬಡಿದು ಗೊರಸಿಗೆ ಹೊಂದಿಸುವ ಬದಲು ಗೊರಸನ್ನೇ ಅರದಿಂದ ಉಜ್ಜಿ ಲಾಳಕ್ಕೆ ಹೊಂದಿಸುತ್ತಾನೆ. ಇದರಿಂದ ಅಂಚು ತೆಳ್ಳಗಾಗಿ ಮುಂದಿನ ಸಲ ಮೊಳೆ ನಿಲ್ಲುವುದಿಲ್ಲ. ಬಂದ ಕುದುರೆಗೆಲ್ಲ ಲಾಳ ಬೇಕೇ ಬೇಕೆನ್ನುವುದೂ ವ್ಯಾಪಾರದ ಮಾತೇ. ಡಾಂಬರು ರಸ್ತೆಯಲ್ಲಿ, ಕಲ್ಲು ಮರಡಿಯಲ್ಲಿ ತಿರುಗುವ ತಟ್ಟುವಿಗೆ ಅದು ಬೇಕು. ಎರೆ ಹೊಲದ ಸುತ್ತಲೇ ಇರುವುದಕ್ಕೆ ಆರೇಳು ವಾರಕ್ಕೊಮ್ಮೆ ಗೊರಸು ಕೊರೆಸಿದರೆ ಸಾಕು.

ಕೊರೆಯಲು 200 ರೂಪಾಯಿ, ನಾಲ್ಕು ಲಾಳಕ್ಕೆ 700 ರೂಪಾಯಿ. ಈ ದರ ದುಬಾರಿಯಲ್ಲ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಗಾಡಿ ಎತ್ತುಗಳ ಸಾಲು ಉದ್ದವಾಗಿ ಕುದುರೆಯವರು ಮಧ್ಯಾಹ್ನದವರೆಗೂ ಕಾಯಬೇಕಾಗುತ್ತದೆ. ಮೊಳೆಯ ಗಾಯದಿಂದ ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುವುದರಿಂದ, ಚುಚ್ಚುಮದ್ದು ಮೊದಲೇ ಹಾಕಿಸಿಕೊಂಡು ಹೋಗುವುದು ಒಳ್ಳೆಯದು. ಅಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ತಡವಾದರೂ ಸರಿ, ತಂದೆಯ ಕೈಯಿಂದಲೇ ಮಾಡಿಸಿ.