ಕ್ಯಾನ್ಸರ್ ನೆರವಿನ ಆನ್‌ಲೈನ್ ಕಾರ್ಯಕ್ರಮ: ಎರಡೂವರೆ ವರ್ಷ ಬಳಸಿದ ಮೇಲೆ, 5ಕ್ಕೆ 4

ಅಕ್ಕನಿಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದ ಮೂರನೇ ವಾರದಲ್ಲಿ ಇಬ್ಬರೂ ಇದಕ್ಕೆ ಸೇರಿದೆವು. ವಾರಕ್ಕೊಂದು ಪಾಠ, ರೋಗಿಗಳಿಗೊಂದು ಗುಂಪು, ನೋಡಿಕೊಳ್ಳುವವರಿಗೆ ಬೇರೆ ಗುಂಪು, ವ್ಯಾಯಾಮ, ಧ್ಯಾನ, ಹಗಲು ಹೊತ್ತು ಫೋನಿಗೆ ಸಿಗುವ ಒಬ್ಬ ನರ್ಸ್. ಎಲ್ಲಾ ಮೊಬೈಲಿನಲ್ಲೇ. ಹೆಸರು ಬರೆಯುತ್ತಿಲ್ಲ, ಯಾಕಂದ್ರೆ ಬೈಯುವುದೂ ಸ್ವಲ್ಪ ಇದೆ.

ಮೊದಲು ಪಾಠಗಳು. ಇಡೀ ಸೇವೆಯಲ್ಲಿ ಗಟ್ಟಿ ಇರುವುದು ಇದೇ. ಕೀಮೋ ಶುರುವಾಗುವ ಮೊದಲೇ ಒಂದು ಹಾಳೆ ಕಳಿಸಿ, ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿ ಅಂದರು. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಇಷ್ಟೇ ಅದರಲ್ಲಿ ಇದ್ದದ್ದು. ಯಾಕೆ ಅಂತಲೂ ಹೇಳಿದ್ದರು. ಕೀಮೋ ಆದ 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ, ಆಗ ಸೋಂಕು ತಗುಲಿದರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಅಪಾಯ ಆಗಬಹುದು, ಮಾತ್ರೆ ಕೊಟ್ಟರೆ ಜ್ವರ ಇಳಿಯುತ್ತದೆ, ಸೋಂಕು ಒಳಗೆ ಹಾಗೇ ಇರುತ್ತದೆ.

ಎರಡನೇ ಕೀಮೋ ಆದ ಹತ್ತನೇ ದಿನ, ರಾತ್ರಿ ಎರಡು ಗಂಟೆಗೆ ಅಕ್ಕ ಚಳಿ ಅಂದಳು. ಥರ್ಮಾಮೀಟರಿನಲ್ಲಿ 38.3. ನಾನು ಪಟ್ಟಿಯಿಂದ ಮಾತ್ರೆ ಬಿಡಿಸಿಕೊಂಡು ನೀರು ತರಲು ಹೋದೆ, ಹಾಳೆ ಎದುರಿಗೇ ಇತ್ತು. ಮಾತ್ರೆ ಅಲ್ಲೇ ಇಟ್ಟು ಆಸ್ಪತ್ರೆಗೆ ಹೊರಟೆವು. ಅಲ್ಲಿ ಡ್ಯೂಟಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮಾತ್ರೆ ಏನಾದ್ರೂ ಕೊಟ್ರಾ?" ಐದು ದಿನ ಅಲ್ಲೇ ಇದ್ದೆವು.

ಇಂಥ ಸಣ್ಣ ಸಣ್ಣ ವಿಷಯ ಬೇಕಾದಷ್ಟು ಕಲಿತೆವು. ಕೀಮೋ ಆದ 48 ಗಂಟೆ ವಾಂತಿ, ಮೂತ್ರ ತಾಗಿದ ಬಟ್ಟೆ ಮುಟ್ಟುವಾಗ ಗ್ಲೌಸ್ ಹಾಕಬೇಕು, ಟಾಯ್ಲೆಟ್ಟಿನ ಮುಚ್ಚಳ ಮುಚ್ಚಿ ಎರಡು ಸಲ ಫ್ಲಶ್ ಮಾಡಬೇಕು. ಆಸ್ಪತ್ರೆಯವರೂ ಹೇಳಿದ್ದರೇನೋ, ಆವತ್ತು ನನ್ನ ತಲೆಗೆ ಏನೂ ಇಳಿದಿರಲಿಲ್ಲ.

ವ್ಯಾಯಾಮದ ತರಗತಿಗೆ ಅಕ್ಕ ಮೊದಲು ಸೊಪ್ಪು ಹಾಕಲಿಲ್ಲ. "ಓಡಾಡೋಕೆ ಶಕ್ತಿ ಇದ್ದಿದ್ರೆ ಇವರ ಕ್ಲಾಸ್ ನನಗ್ಯಾಕೆ?" ಅಂತ. ಅದೂ ನಿಜ ಅಲ್ವಾ? ಆದರೆ ಕೀಮೋದ ಸುಸ್ತು ಮಾಮೂಲಿ ಸುಸ್ತಲ್ಲ, ಎಷ್ಟು ಮಲಗಿದರೂ ಹೋಗುವುದಿಲ್ಲ, ನಡೆದರೆ ಸ್ವಲ್ಪ ಕಡಿಮೆಯಾಗುತ್ತದೆ. 2019ರಲ್ಲಿ ತಜ್ಞರು ಸೇರಿ ಕೊಟ್ಟ ಸಲಹೆ ಪ್ರಕಾರ ವಾರಕ್ಕೆ ಮೂರು ದಿನ, 30 ನಿಮಿಷ. ಅಕ್ಕ ಶುರು ಮಾಡಿದ್ದು ಗೇಟಿನವರೆಗೆ ಹೋಗಿ ಬರುವುದರಿಂದ, ಮೂವತ್ತು ನಿಮಿಷ ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಧ್ಯಾನ ನನಗೆ ಒಗ್ಗಲಿಲ್ಲ, ನಿದ್ದೆ ಬಂದುಬಿಡುತ್ತಿತ್ತು. ಅಕ್ಕನಿಗೆ ಮಾತ್ರ ಸ್ಕ್ಯಾನ್ ಹಿಂದಿನ ರಾತ್ರಿ ಅದೇ ಬೇಕು.

ಈಗ ಬೈಗುಳ. ಒಮ್ಮೆ ಯಾರೋ ಅತಿಥಿ ಭಾಷಣಕಾರರನ್ನು ಕರೆಸಿದ್ದರು, ಮನಸ್ಸು ಗಟ್ಟಿ ಇದ್ದರೆ ಕ್ಯಾನ್ಸರ್ ಓಡಿಹೋಗುತ್ತೆ ಅಂದರು ಅವರು. ಅಕ್ಕ ಕ್ಯಾಮೆರಾ ಆಫ್ ಮಾಡಿದಳು, ಒಂದು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಹಾಗಾದ್ರೆ ನನ್ನ ಮನಸ್ಸೇ ಸರಿ ಇಲ್ಲದೆ ಇದು ಬಂತಾ ಅಂತ ಕೇಳಿದಳು, ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರ್ಯಕ್ರಮ ನಡೆಸುವವರಿಗೆ ನಾನು ಖಾರವಾಗಿಯೇ ಬರೆದೆ. ಅದಕ್ಕೆ ಅವರು ಮಾಡಿದ್ದು ಮೆಚ್ಚಬೇಕಾದ್ದೇ: ಮುಂದಿನ ವಾರ ಅವರ ಸೈಕಾಲಜಿಸ್ಟ್ ಇದನ್ನೇ ಎತ್ತಿಕೊಂಡು ಒಂದು ಗಂಟೆ ಮಾತಾಡಿದರು. 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ತಂಡದ ಅಧ್ಯಯನದಲ್ಲಿ ಬೆಂಬಲ ಗುಂಪಿಗೆ ಹೋದ ಸ್ತನ ಕ್ಯಾನ್ಸರ್ ಇದ್ದ ಹೆಂಗಸರು ಜಾಸ್ತಿ ದಿನ ಬದುಕಿದ್ದು ಕಂಡಿತ್ತಂತೆ, ಆಮೇಲೆ 2001ರಲ್ಲಿ ಬಂದ ಇನ್ನೂ ದೊಡ್ಡ ಅಧ್ಯಯನದಲ್ಲಿ ಆಯುಸ್ಸಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆಯಾಗಿತ್ತು. ಇದನ್ನು ಕೇಳಿ ಅಕ್ಕನಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. ಅವಳು "ಸದ್ಯ, ಅಳೋಕೆ ಅಡ್ಡಿ ಇಲ್ಲ" ಅಂದಳು.

ನೋಡಿಕೊಳ್ಳುವವರ ಗುಂಪಿಗೆ ನಾನು ಸುಮ್ನೆ ಹೋಗಿ ಕೂರುತ್ತಿದ್ದೆ. ಪ್ರತಿ ವಾರ ಶುರುವಿನಲ್ಲಿ ಸೊನ್ನೆಯಿಂದ ಹತ್ತರವರೆಗೆ ನಮ್ಮ ಸಂಕಟ ಎಷ್ಟು ಅಂತ ಬರೆಯಬೇಕು, 4 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಯಾರಾದರೂ ಫೋನ್ ಮಾಡುತ್ತಾರೆ. ಫೋನ್ ಬೇಡ ಅಂತ ತಿಂಗಳುಗಟ್ಟಲೆ 2 ಬರೆದೆ. ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರು ಒಂದು ದಿನ, "ಯಾವಾಗ್ಲೂ ಎರಡೇ ಬರೀತೀರಲ್ಲ, ರಾತ್ರಿ ನಿದ್ದೆ ಎಷ್ಟು ಗಂಟೆ ಮಾಡ್ತೀರಾ?" ಅಂದರು. ಮೂರು ಅಂದೆ. ಯಾರೂ ಏನೂ ಹೇಳಲಿಲ್ಲ. ಎರಡನ್ನು ಅಳಿಸಿ ಏಳು ಮಾಡಿದೆ. ನಾನು ಇವತ್ತಿಗೂ ಬಿಡದೆ ಹೋಗುವುದು ಈ ಗುಂಪಿಗೆ ಮಾತ್ರ.

ಚಿಕಿತ್ಸೆ ಮುಗಿದ ಮೇಲೆ ಇವರು ಕೈಕೊಟ್ಟರು ಅಂತಲೇ ಹೇಳಬೇಕು. ಆಸ್ಪತ್ರೆಯ ಓಡಾಟ ನಿಂತ ಮೇಲೇ ಕಷ್ಟ ಜಾಸ್ತಿಯಾಯಿತು ನಮಗೆ. ಬೆರಳ ತುದಿಯಲ್ಲಿ ಜೋಮು, ಅಂಗಿ ಗುಂಡಿ ಹಾಕಲು ಅಕ್ಕನಿಗೆ ಹತ್ತು ನಿಮಿಷ. ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ. ಇದಕ್ಕೆ ಇವರ ಹತ್ತಿರ ಇದ್ದದ್ದು ಎರಡೇ ಪಾಠ, ಎರಡೂ ಹಳೇ ವಿಡಿಯೋ. ವರ್ಷ ಕಳೆದ ಮೇಲೆ ಕೈ ಊತದ ಬಗ್ಗೆ ಒಂದು ಒಳ್ಳೆಯ ತರಗತಿ ಸೇರಿಸಿದರು. ಕಂಕುಳಿನ ಗ್ರಂಥಿ ತೆಗೆದವರಿಗೆ ಈ ಊತ ವರ್ಷಗಳ ಮೇಲೂ ಬರಬಹುದು. ಹಿಂದೆ ಆ ಕೈಯಲ್ಲಿ ಭಾರ ಎತ್ತಲೇಬೇಡಿ ಅನ್ನುತ್ತಿದ್ದರು, ಗೊತ್ತಿರುವವರ ಹತ್ತಿರ ಕಲಿತು ನಿಧಾನಕ್ಕೆ ಹೆಚ್ಚಿಸಿಕೊಂಡು ಹೋದರೆ ಊತ ಇದ್ದವರಿಗೂ ತೊಂದರೆ ಇಲ್ಲ ಅಂತ 2009ರ ಒಂದು ಅಧ್ಯಯನದಲ್ಲಿ ಕಂಡಿತು. ಅಕ್ಕ ಅರ್ಧ ಕೆ.ಜಿ.ಯಿಂದ ಶುರು ಮಾಡಿದಳು, ಈಗ ಎರಡು.

ನರ್ಸ್ ಫೋನ್ ಸಂಜೆಗೆ ಬಂದ್ ಆಗುವುದು ಇನ್ನೊಂದು ಕೊರತೆ, ಆ ಸೌಲಭ್ಯ ಬೇಕು ಅಂತಲೇ ಸೇರುವವರು ಸಮಯ ಕೇಳಿಕೊಂಡು ಸೇರಿ. ಆದರೆ ನಾನು ಒಂದು ಸ್ಟಾರ್ ಕಿತ್ತಿದ್ದು ಅದಕ್ಕಲ್ಲ. ರೇಡಿಯೇಶನ್ ಮುಗಿದ ದಿನ ಆ್ಯಪ್ ತೆರೆದರೆ ಪರದೆ ತುಂಬಾ ಬಣ್ಣದ ಬಲೂನ್ ಹಾರಿ "ಗೆದ್ದಿರಿ!" ಅಂತ ಬಂತು, ಅಕ್ಕ ಆಗ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಅದನ್ನು ತೆಗೆಯಿರಿ ಅಂತ ಎರಡು ಸಲ ಬರೆದಿದ್ದೇನೆ. ಇನ್ನೂ ತೆಗೆದಿಲ್ಲ.