ಚಳಿಯ ಬೆಳಗಿನ ಫ್ಯಾನ್ ಸದ್ದಿಗೆ ಹೆದರಿ ಫ್ಯಾನ್ ಕ್ಲಚ್ ಬದಲಾಯಿಸಬೇಡಿ

ಚಳಿಗಾಲದ ಬೆಳಗ್ಗೆ ಪಿಕಪ್ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಭೋರ್ರೆಂದು ಗಾಳಿ ಬೀಸುವ ಸದ್ದು ಬರುತ್ತದೆಯೇ? ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತದೆಯೇ? ಒಂದೆರಡು ನಿಮಿಷದಲ್ಲಿ ತಾನಾಗಿಯೇ ಅಡಗುತ್ತದೆಯೇ? ಹಾಗಿದ್ದರೆ ನಿಮ್ಮ ಗಾಡಿಗೆ ಏನೂ ಆಗಿಲ್ಲ. ಆ ಸದ್ದೊಂದನ್ನೇ ಕೇಳಿ ‘ಫ್ಯಾನ್ ಕ್ಲಚ್ ಹೋಗಿದೆ’ ಎಂದು ತೀರ್ಪು ಕೊಡುವ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡಿ. ಫ್ಯಾನ್ ಕ್ಲಚ್ ಎಂದರೆ ಎಂಜಿನ್ ತಂಪು ಮಾಡುವ ಫ್ಯಾನನ್ನು ಬೇಕಾದಾಗ ಬಿಗಿಯಾಗಿ, ಬೇಡವಾದಾಗ ಸಡಿಲವಾಗಿ ತಿರುಗಿಸುವ ಭಾಗ. ನನ್ನ ಪಿಕಪ್‌ನಲ್ಲಿ ಸರಿಯಾಗಿದ್ದ ಕ್ಲಚ್ಚನ್ನು ಕಿತ್ತು ಕಳಪೆ ಮಾಲು ಕೂರಿಸಿದರು. ಅದರಿಂದ ಚಾರ್ಮಾಡಿ ಘಾಟಿಯ ನಡುವೆ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಸುಟ್ಟಿತು. ಮಲೆನಾಡಿನಲ್ಲಿ ನನ್ನಂತೆ ಲೋಡ್ ಹೊತ್ತು ಘಾಟಿ ಹತ್ತಿ ಇಳಿಯುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಇನ್ನೊಬ್ಬರಿಗೆ ಈ ಗತಿ ಬರಬಾರದು.

ನಮ್ಮದು ಮೂಡಿಗೆರೆ ತಾಲ್ಲೂಕು. ಹಸಿಮೆಣಸು, ಶುಂಠಿ, ತರಕಾರಿ ತುಂಬಿಕೊಂಡು ಕೊಟ್ಟಿಗೆಹಾರದ ಮೇಲೆ ಘಾಟಿ ಇಳಿದು ಮಂಗಳೂರಿಗೆ ಹೋಗುವುದು ನನ್ನ ಕೆಲಸ. ಡಿಸೆಂಬರ್‌ನಲ್ಲಿ ಇಲ್ಲಿ ಮಂಜು ಇಳಿಯುವ ಹೊತ್ತಿಗೇ ಗಾಡಿ ಹೊರಡಬೇಕು. ಆಗಲೇ ಈ ಸದ್ದು ಶುರುವಾಯಿತು. ಪ್ರತಿದಿನವೂ ಅಲ್ಲ, ಒಂದು ದಿನ ಜೋರು, ಮರುದಿನ ಸದ್ದೇ ಇಲ್ಲ. ಬೆಲ್ಟ್ ನೋಡಿಸಲೆಂದು ಹೋಗಿದ್ದ ಗ್ಯಾರೇಜಿನವನು ಎಂಜಿನ್ ರೇಸ್ ಮಾಡಿ ಕೇಳಿದ. “ಕ್ಲಚ್ ಜಾಮ್ ಆಗಿದೆ ಅಣ್ಣಾ, ಇವತ್ತೇ ಬದಲಾಯಿಸಿ. ಫ್ಯಾನ್ ಒಡೆದರೆ ರೇಡಿಯೇಟರ್ ಸೀಳಿಬಿಡುತ್ತದೆ” ಎಂದ. ಆತ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸದ್ದು ಉಳಿಯುತ್ತದೆಯೇ ಎಂದೂ ಕಾಯಲಿಲ್ಲ. ಹತ್ತು ನಿಮಿಷ ಕಾದಿದ್ದರೆ ಸಾಕಿತ್ತು, ಅವನಿಗೇ ಉತ್ತರ ಸಿಗುತ್ತಿತ್ತು.

ಆ ಸದ್ದಿನ ಕಾರಣವನ್ನು ನನಗೆ ಬಿಡಿಸಿ ಹೇಳಿದವರು ಆಮೇಲೆ ಗಾಡಿ ರಿಪೇರಿ ಮಾಡಿದ ಉಜಿರೆಯ ಹಿರಿಯ ಮೇಸ್ತ್ರಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ಗೊತ್ತಿದ್ದರೆ ನಿಮ್ಮನ್ನು ಯಾರೂ ಹೆದರಿಸಲಾರರು. ಎಂಜಿನ್ನಿಗೆ ಬೆಲ್ಟ್ ಮೂಲಕ ಜೋಡಿಸಿದ ಫ್ಯಾನ್ ಇರುವ ಪಿಕಪ್‌ಗಳಲ್ಲಿ, ಫ್ಯಾನಿಗೂ ಅದನ್ನು ತಿರುಗಿಸುವ ಪುಲ್ಲಿಗೂ ನಡುವೆ ಒಂದು ದುಂಡನೆಯ ಅಲ್ಯೂಮಿನಿಯಂ ಡಬ್ಬಿ ಇರುತ್ತದೆ. ಅದೇ ಫ್ಯಾನ್ ಕ್ಲಚ್, ವಿಸ್ಕಸ್ ಕ್ಲಚ್ ಎಂದೂ ಹೇಳುತ್ತಾರೆ. ಒಳಗೆ ಜೇನುತುಪ್ಪದಷ್ಟು ಮಂದವಾದ ಸಿಲಿಕೋನ್ ಎಣ್ಣೆ. ಎಣ್ಣೆಗೆ ಅಲ್ಲಿ ಎರಡು ಕೋಣೆಗಳು: ಒಂದು ಸುಮ್ಮನೆ ತುಂಬಿಟ್ಟುಕೊಳ್ಳುವುದಕ್ಕೆ, ಇನ್ನೊಂದು ಕೆಲಸ ಮಾಡುವುದಕ್ಕೆ. ಕೆಲಸದ ಕೋಣೆಯಲ್ಲಿ ಒಂದರೊಳಗೊಂದು ಕೂತ ವೃತ್ತಾಕಾರದ ಗೀರುಗಳಿವೆ. ಅವುಗಳ ಸಂದಿಗೆ ಎಣ್ಣೆ ಬಂದರೆ ಪುಲ್ಲಿಯ ಜೊತೆ ಫ್ಯಾನೂ ಬಿಗಿಯಾಗಿ ತಿರುಗುತ್ತದೆ. ಎಣ್ಣೆ ಹೊರಟುಹೋದರೆ ಫ್ಯಾನ್ ಸಡಿಲವಾಗಿ ನಿಧಾನಕ್ಕೆ ತಿರುಗುತ್ತಿರುತ್ತದೆ. ಡಬ್ಬಿಯ ಮುಂಭಾಗದಲ್ಲಿ ಎರಡು ಲೋಹ ಬೆಸೆದ ಪಟ್ಟಿಯ ಸುರುಳಿ ಇದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಈ ಸುರುಳಿ ತಿರುಚಿಕೊಂಡು ಒಳಗಿನ ಬಾಗಿಲು ತೆರೆದು ಎಣ್ಣೆಯನ್ನು ಕೆಲಸದ ಕೋಣೆಗೆ ಬಿಡುತ್ತದೆ, ತಣ್ಣಗಾದಾಗ ಮುಚ್ಚುತ್ತದೆ.

ಹಾಗಾದರೆ ಚಳಿಯಲ್ಲಿ ಬಾಗಿಲು ಮುಚ್ಚಿದ್ದರೂ ಫ್ಯಾನ್ ಏಕೆ ಭೋರ್ಗರೆಯುತ್ತದೆ? ಗಾಡಿ ರಾತ್ರಿಯಿಡೀ ನಿಂತಿರುವಾಗ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು, ವಾಪಸು ಹೋಗುವ ಸಣ್ಣ ರಂಧ್ರದ ದಾರಿಯಲ್ಲೇ ಕೆಲಸದ ಕೋಣೆಗೆ ಸೇರಿಬಿಡುತ್ತದೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕ್ಲಚ್ ಪೂರ್ತಿ ಹಿಡಿದುಕೊಂಡೇ ಇರುತ್ತದೆ. ಎಂಜಿನ್ ತಿರುಗಿದಂತೆ ಎಣ್ಣೆ ಮತ್ತೆ ತುಂಬಿಟ್ಟುಕೊಳ್ಳುವ ಕೋಣೆಗೆ ತಳ್ಳಲ್ಪಡುತ್ತದೆ, ಫ್ಯಾನ್ ಸಡಿಲವಾಗುತ್ತದೆ, ಸದ್ದು ಅಡಗುತ್ತದೆ. ಹಿಂದಿನ ರಾತ್ರಿ ಎಂಜಿನ್ ಬಂದ್ ಆದಾಗ ಆ ರಂಧ್ರ ಮೇಲಿತ್ತೋ ಕೆಳಗಿತ್ತೋ ಎಂಬುದರ ಮೇಲೆ ಎಷ್ಟು ಎಣ್ಣೆ ಇಳಿಯುತ್ತದೆ ಎಂಬುದು ನಿಂತಿದೆ. ಒಂದು ದಿನ ಸದ್ದು, ಒಂದು ದಿನ ಮೌನ ಆಗಿದ್ದುದು ಇದಕ್ಕೇ. ಮೇಸ್ತ್ರಿ ಇಷ್ಟನ್ನು ಹೇಳಿದ ಮೇಲೆ ನನ್ನ ಹೊಟ್ಟೆ ಉರಿದುಹೋಯಿತು. ಆ ಭೋರ್ಗರೆತ ಡಬ್ಬಿಯಲ್ಲಿ ಎಣ್ಣೆ ಸಾಕಷ್ಟಿದೆ, ಕ್ಲಚ್ ಹಿಡಿಯಬಲ್ಲದು ಎಂಬುದಕ್ಕೆ ಸಾಕ್ಷಿಯಾಗಿತ್ತು. ಸಾಕ್ಷಿಯನ್ನೇ ಕಾಯಿಲೆ ಎಂದು ಹೇಳಿ ಕಿತ್ತುಹಾಕಿದ್ದರು.

ಹೊಸ ಕ್ಲಚ್ ಬಂದ ಮೇಲೆ ಬೆಳಗಿನ ಸದ್ದು ಸಂಪೂರ್ಣ ನಿಂತಿತು. ಗ್ಯಾರೇಜಿನವನು ಅದನ್ನೇ ತೋರಿಸಿ ಹಣ ಎಣಿಸಿಕೊಂಡ. ಮುಂದಿನ ಕೆಲವು ವಾರ ಲೋಡ್ ಇದ್ದದ್ದು ಇಳಿಜಾರಿನಲ್ಲಿ, ವಾಪಸು ಬರುವಾಗ ಗಾಡಿ ಖಾಲಿ. ಹಾಗಾಗಿ ಒಳಗಿನ ದೋಷ ಹೊರಗೆ ಬೀಳಲೇ ಇಲ್ಲ. ಜನವರಿಯಲ್ಲಿ ಮಂಗಳೂರಿನಿಂದ ಹೆಂಚಿನ ಬಾಡಿಗೆ ಸಿಕ್ಕಿತು. ಪೂರ್ತಿ ಲೋಡ್, ಮಧ್ಯಾಹ್ನದ ಬಿಸಿಲು. ಚಾರ್ಮಾಡಿ ಊರು ದಾಟಿ ಘಾಟಿಯ ತಿರುವುಗಳು ಶುರುವಾದ ಮೇಲೆ ಎರಡನೇ ಗೇರಿನಲ್ಲೇ ಹತ್ತಬೇಕು. ಎಂಜಿನ್ ಪೂರ್ತಿ ದುಡಿಯುತ್ತಿರುತ್ತದೆ, ಗಾಡಿಯ ವೇಗ ಮಾತ್ರ ತೀರಾ ಕಡಿಮೆ. ಹೆದ್ದಾರಿಯಲ್ಲಾದರೆ ಮುಂದಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ. ಘಾಟಿಯಲ್ಲಿ ಆ ಗಾಳಿ ಇಲ್ಲ, ಫ್ಯಾನ್ ಒಂದೇ ಗತಿ.

ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಕೆಲವು ತಿರುವು ಹತ್ತುವಷ್ಟರಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಅದಕ್ಕೆ ಮೊದಲು ಸ್ವಲ್ಪ ಸ್ವಲ್ಪವಾಗಿ ಏರಿದ್ದಲ್ಲ, ಒಂದೇ ತಿರುವಿನಲ್ಲಿ ಏರಿದ್ದು. ತಡೆಗೋಡೆಯ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದೆ. ಎಂಜಿನ್ ಇನ್ನೂ ಚಾಲೂ ಇತ್ತು. ಮುಖಕ್ಕೆ ಬಡಿಯುವ ಆ ಧಗೆಯಲ್ಲಿ ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದು ಎನ್ನುವಷ್ಟು ನಿಧಾನಕ್ಕೆ ಅದು ಸುತ್ತುತ್ತಿತ್ತು. ಎಂಜಿನ್ ಬಂದ್ ಮಾಡಿದ ಮೇಲೂ ತಡೆಯೇ ಇಲ್ಲದೆ ಸುತ್ತುತ್ತಲೇ ಇತ್ತು. ಸರಿಯಾದ ಕ್ಲಚ್ ಆಗಿದ್ದರೆ ಅಷ್ಟು ಬಿಸಿಯಲ್ಲಿ ಫ್ಯಾನ್ ಬಿಗಿಯಾಗಿ ಭೋರ್ಗರೆಯಬೇಕಿತ್ತು, ಎಂಜಿನ್ ನಿಂತ ಕೂಡಲೇ ತಾನೂ ನಿಲ್ಲಬೇಕಿತ್ತು. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಟ್ಯಾಂಕಿನ ಮುಚ್ಚಳದ ಸುತ್ತ ಬುಸುಗುಟ್ಟುವ ಆವಿ, ಸಿಹಿಯಾದ ಸುಟ್ಟ ವಾಸನೆ. (ಆ ಹೊತ್ತಿನಲ್ಲಿ ಮುಚ್ಚಳ ಮುಟ್ಟಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿಗಿಂತ ಬಿಸಿಯಾಗಿದ್ದೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕೂಡಲೇ ಮೈಮೇಲೆ ಚಿಮ್ಮುತ್ತದೆ.)

ಹೆಂಚನ್ನು ಬೇರೆ ಗಾಡಿಗೆ ತುಂಬಿಸಿ ಕಳಿಸಿದೆ, ನನ್ನ ಗಾಡಿಯನ್ನು ಕಟ್ಟಿ ಉಜಿರೆಗೆ ಇಳಿಸಿದರು. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಸ್ವಲ್ಪ ಬಾಗಿತ್ತು. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿ (ಬಾಗಿದ ಮುಖವನ್ನು ಉಜ್ಜಿ ಸಮ ಮಾಡಿಸಿ), ಕಂಪನಿಯ ಕ್ಲಚ್ ಹಾಕಿಸಿ ಹೊರಬರುವಾಗ ಖರ್ಚು ₹40,000 ದಾಟಿತ್ತು. ಗಾಡಿ ನಿಂತ ದಿನಗಳ ಬಾಡಿಗೆ ಹೋದದ್ದು ಬೇರೆ. ಬಿಚ್ಚಿದ ನಕಲಿ ಕ್ಲಚ್ಚನ್ನು ಮೇಸ್ತ್ರಿ ನನ್ನ ಕೈಗೇ ಕೊಟ್ಟರು. ನಡುವಿನಿಂದ ಅಂಚಿನ ಕಡೆಗೆ ಕಪ್ಪು ಗೆರೆಗಳು ಹರಡಿದ್ದವು, ಬೆರಳಿಟ್ಟರೆ ಜಾರುವ ಎಣ್ಣೆ, ಅದಕ್ಕೆ ಅಂಟಿದ ಧೂಳು. ಸೀಲ್ ಸರಿಯಿಲ್ಲದೆ ಎಣ್ಣೆಯೆಲ್ಲ ಹೊರಗೆ ಸೋರಿಹೋಗಿತ್ತು. ಎಣ್ಣೆಯೇ ಇಲ್ಲದ ಡಬ್ಬಿ ಬೆಳಗ್ಗೆ ಸದ್ದು ಮಾಡುವುದಾದರೂ ಎಲ್ಲಿಂದ?

ನೀವು ಮನೆಯಲ್ಲೇ ನೋಡಿಕೊಳ್ಳಬಹುದು. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ, ಕೀ ತೆಗೆದು ಜೇಬಿಗೆ ಹಾಕಿಕೊಂಡ ಮೇಲೆ ಮಾತ್ರ, ಫ್ಯಾನನ್ನು ಕೈಯಿಂದ ತಿರುಗಿಸಿ. ಸ್ವಲ್ಪ ತಡೆ ಕೊಟ್ಟು ನಿಲ್ಲಬೇಕು. ತಡೆಯಿಲ್ಲದೆ ಸುತ್ತು ಮೇಲೆ ಸುತ್ತು ಹೊಡೆದರೆ ಎಣ್ಣೆ ಹೋಗಿದೆ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಗಡಗಡ ಆಡಿದರೆ ಬೇರಿಂಗ್ ಸವೆದಿದೆ. ಲೋಡ್ ಹೊತ್ತು ಘಾಟಿ ಹತ್ತುವಾಗ ಭೋರ್ಗರೆತ ಬಂದು, ಮೇಲೆ ಸಮತಟ್ಟಿಗೆ ಬಂದ ಮೇಲೆ ಅಡಗಿದರೆ ಸಂತೋಷಪಡಿ, ಕ್ಲಚ್ ತನ್ನ ಕೆಲಸ ಮಾಡುತ್ತಿದೆ.

ಬದಲಾಯಿಸಬೇಕಾದ ಸಂದರ್ಭವೂ ಇದೆ. ಹತ್ತು ಹದಿನೈದು ಕಿಲೋಮೀಟರ್ ಓಡಿದ ಮೇಲೂ ಸದ್ದು ಬಿಡದೆ, ಎಂಜಿನ್ ಬಿಸಿಯಾಗಲು ತಡವಾಗಿ, ಡೀಸೆಲ್ ಹೆಚ್ಚು ಕುಡಿಯುತ್ತಿದ್ದರೆ ಕ್ಲಚ್ ನಿಜಕ್ಕೂ ಜಾಮ್ ಆಗಿದೆ. ಕಿರುಚುವ ಸದ್ದಾದರೆ ಬೆಲ್ಟ್ ನೋಡಿ. ಗರಗರ ಎಂದು ಅರೆಯುವ ಸದ್ದಿನ ಜೊತೆ ಪಂಪಿನ ಕೆಳಗೆ ಹನಿ ಕಂಡರೆ ವಾಟರ್ ಪಂಪಿನ ಬೇರಿಂಗ್. ಇವು ಬೇರೆ ಕಾಯಿಲೆಗಳು, ಗಾಳಿಯ ಭೋರ್ಗರೆತದ ಜೊತೆ ಸೇರಿಸಬೇಡಿ. ಎಲೆಕ್ಟ್ರಿಕ್ ಫ್ಯಾನಿನ ಗಾಡಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಮೊದಲಿನ ಗ್ಯಾರೇಜಿಗೆ ನಕಲಿ ಕ್ಲಚ್ ಹಿಡಿದುಕೊಂಡು ಹೋಗಿದ್ದೆ. ಬಿಲ್ ಎಂದು ಕೊಟ್ಟಿದ್ದ ಚೀಟಿಯಲ್ಲಿ ಭಾಗದ ಹೆಸರಾಗಲಿ ಸಂಖ್ಯೆಯಾಗಲಿ ಇರಲಿಲ್ಲ, “ಇದು ನಾನು ಹಾಕಿದ್ದೇ ಅಲ್ಲ” ಎಂದು ಕೈತೊಳೆದುಕೊಂಡ. ನನ್ನ ಹಳೆಯ ಕ್ಲಚ್ ಕೊಡು ಎಂದರೆ ಗುಜರಿಗೆ ಹೋಗಿದೆ ಎಂದ. ಯಾವುದೇ ಭಾಗ ಬದಲಾಯಿಸುವಾಗ ಜಿಎಸ್‌ಟಿ ಬಿಲ್, ಹೊಸದರ ಪೆಟ್ಟಿಗೆ, ಬಿಚ್ಚಿದ ಹಳೆಯ ಭಾಗ, ಮೂರನ್ನೂ ಕೇಳಿ ಪಡೆಯಿರಿ. ಕ್ಲಚ್ ಕೊಳ್ಳುವಾಗ ಅಂಗಡಿಯವರು ಅದನ್ನು ಹೇಗೆ ಇಟ್ಟಿದ್ದಾರೆ ಎಂದು ನೋಡಿ. ಗಾಡಿಯಲ್ಲಿ ಕೂರುವಂತೆಯೇ ನೆಟ್ಟಗೆ ಇಟ್ಟಿರಬೇಕು. ತಿಂಗಳುಗಟ್ಟಲೆ ಮಲಗಿಸಿಟ್ಟ ಕ್ಲಚ್ಚಿನಲ್ಲಿ ಎಣ್ಣೆ ಬೇರಿಂಗಿನ ಕಡೆಗೆ ಇಳಿದು ಸೋರಬಹುದು. ಅಂಥದ್ದನ್ನು ಕೊಟ್ಟರೆ ಬೇಡ ಎನ್ನಿ.